ಒಂದೇ ವರ್ಷದಲ್ಲಿ ಎರಡು ಪಾಸ್ಕ

2024ರ ಮಾರ್ಚ್ 31ರಂದು ಮೈಸೂರಿನಲ್ಲಿ ಪಾಸ್ಕ ಹಬ್ಬ ಮಾಡಿ, ಬಿರಿಯಾನಿ ಉಂಡು, ತಪಸ್ಸು ಕಾಲದ ಬಿಗಿಯನ್ನೆಲ್ಲ ಮರೆತು ತಿಂಗಳು ಕಳೆದ ಮೇಲೆ ನಾನೂ ಅಕ್ಕನೂ ಮತ್ತೊಮ್ಮೆ ತಪಸ್ಸು ಕಾಲದೊಳಗೆ ಕಾಲಿಟ್ಟೆವು. ಗ್ರೀಸಿನ ಪಶ್ಚಿಮ ದಂಡೆಯ ಇಗುಮೆನಿತ್ಸಾ ಬಂದರಿನಲ್ಲಿ ಕೊರ್ಫು ದ್ವೀಪದ ಹಡಗು ಹತ್ತಿದಾಗ ಮೇ 2. ಅಲ್ಲಿಯವರಿಗೆ ಅಂದು ಪವಿತ್ರ ಗುರುವಾರ. ಹಡಗಿನ ಕ್ಯಾಂಟೀನಿನಲ್ಲಿ ಅಕ್ಕ ಚೀಸ್ ತುಂಬಿದ ಪಫ್ಸಿನತ್ತ ಬೆರಳು ತೋರಿಸುತ್ತಾಳೆ. ಹುಡುಗ ಪಕ್ಕದ ತಟ್ಟೆಯನ್ನೂ ತೋರಿಸುತ್ತಾನೆ. ಅದರಲ್ಲಿರುವುದು ಪಾಲಕ್ ಪಫ್ಸ್. ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಸೋಕದ್ದು. ‘ನಿಸ್ತಿಸಿಮೊ’, ಅಂದರೆ ಉಪವಾಸದವರದ್ದು. ಸಾಲಿನಲ್ಲಿದ್ದ ಬಹುಪಾಲು ಮಂದಿ ಅದನ್ನೇ ಕೊಳ್ಳುತ್ತಿದ್ದಾರೆ. “ನಲವತ್ತು ದಿನ ಮಾಡಿ ಮುಗಿಸಿದೀವಲ್ಲೇ, ಮತ್ತೆ ಶುರುನಾ?” ಎಂದು ಅಕ್ಕ ನಗುತ್ತಾಳೆ. ನಗುತ್ತಲೇ ಪಾಲಕ್‌ನದನ್ನೇ ತೆಗೆದುಕೊಳ್ಳುತ್ತಾಳೆ.

ಒಂದೇ ಹಬ್ಬಕ್ಕೆ ಐದು ವಾರಗಳ ಅಂತರ ಬಂದದ್ದು ಲೆಕ್ಕದಿಂದ. ಪಾಸ್ಕವನ್ನು ಎಲ್ಲರೂ ಒಂದೇ ದಿನ ಆಚರಿಸಬೇಕೆಂದು ಕ್ರಿ.ಶ. 325ರಲ್ಲಿ ನಿಕೇಯದಲ್ಲಿ ಕೂಡಿದ ಧರ್ಮಾಧ್ಯಕ್ಷರ ಮಹಾಸಭೆ ತೀರ್ಮಾನಿಸಿತು. ವಸಂತ ವಿಷುವದ ಬಳಿಕ ಬರುವ ಹುಣ್ಣಿಮೆ, ಆ ಹುಣ್ಣಿಮೆಯ ಮುಂದಿನ ಭಾನುವಾರ ಎಂಬ ಸೂತ್ರ ಎಲ್ಲೆಡೆ ನೆಲೆಯೂರಿತು. 1582ರಲ್ಲಿ ರೋಮ್ ತನ್ನ ಕ್ಯಾಲೆಂಡರನ್ನು ತಿದ್ದಿಕೊಂಡಿತು. ಗ್ರೀಸಿನ ಆರ್ಥೊಡಾಕ್ಸ್ ಸಭೆ ಪಾಸ್ಕದ ಮಟ್ಟಿಗೆ ಹಳೆಯ ಜೂಲಿಯನ್ ಗಣನೆಯನ್ನೇ ಉಳಿಸಿಕೊಂಡಿದೆ. ಎರಡರ ನಡುವೆ ಈಗ 13 ದಿನಗಳ ಅಂತರ, ಹುಣ್ಣಿಮೆಯ ಕೋಷ್ಟಕಗಳೂ ಬೇರೆ ಬೇರೆ. ಹಾಗಾಗಿ ಕೆಲವು ವರ್ಷ ಎರಡು ಪಾಸ್ಕಗಳೂ ಒಂದೇ ದಿನ ಬೀಳುತ್ತವೆ, ಕೆಲವು ವರ್ಷ ವಾರದ ಅಂತರದಲ್ಲಿ, ಕೆಲವು ವರ್ಷ ಹೀಗೆ. ಮೈಸೂರು ಚಾಂದ್ರಮಾನ ಯುಗಾದಿ ಮಾಡಿದ ಮೇಲೆ ಮಂಗಳೂರಿನ ಕಡೆ ಸೌರಮಾನದ ಬಿಸು ಬರುವುದನ್ನು ನೋಡುತ್ತ ಬೆಳೆದ ನಮಗೆ ಇದೇನೂ ಬಿಡಿಸಲಾಗದ ಒಗಟಲ್ಲ.

ಬಲಗಡೆ ಅಲ್ಬೇನಿಯಾದ ಬೋಳು ಬೆಟ್ಟಗಳು ಸರಿಯುತ್ತವೆ; ಎದುರಿಗೆ ಕೋಟೆಯ ಗೋಡೆಗಳು ಏಳುತ್ತವೆ. ಕೊರ್ಫು ಪಟ್ಟಣವನ್ನು 1386ರಿಂದ 1797ರವರೆಗೆ ವೆನಿಸ್ ಗಣರಾಜ್ಯ ಆಳಿತು. ಕೋಟೆಯೊಳಗೆ ಜಾಗ ಸಾಲದೆ ಮನೆಗಳು ಮೇಲಕ್ಕೆ ಬೆಳೆದವು. ಐದಾರು ಅಂತಸ್ತಿನ ಹಳೆಯ ಮನೆಗಳ ನಡುವೆ ಇಬ್ಬರು ಅಕ್ಕಪಕ್ಕ ನಡೆಯಲಾಗದಂಥ ಓಣಿಗಳಿವೆ, ತಲೆಯ ಮೇಲೆ ಈ ಕಿಟಕಿಯಿಂದ ಆ ಕಿಟಕಿಗೆ ಒಣಹಾಕಿದ ಬಟ್ಟೆಗಳಿವೆ. ಬೀದಿದೀಪಗಳಿಗೆಲ್ಲ ನೇರಳೆ ಬಟ್ಟೆ ಸುತ್ತಿದ್ದಾರೆ. ನಮ್ಮ ಧರ್ಮಕೇಂದ್ರದಲ್ಲಿ ತಪಸ್ಸು ಕಾಲದ ಕೊನೆಯಲ್ಲಿ ಸ್ವರೂಪಗಳಿಗೆ ನೇರಳೆ ಮುಸುಕು ಹಾಕುವುದುಂಟು. ಇಲ್ಲಿ ಇಡೀ ಪಟ್ಟಣಕ್ಕೇ ಮುಸುಕು ಹಾಕಿದೆ.

ನಮ್ಮ ಕೊಠಡಿ ಮೇಲಿನ ಅಂತಸ್ತಿನಲ್ಲಿ. ಲಿಫ್ಟ್ ಇಲ್ಲ, ಮೆಟ್ಟಿಲುಗಳು ಕಡಿದು, ಹಬ್ಬದ ವಾರವಾದ್ದರಿಂದ ಬಾಡಿಗೆಯೂ ಎತ್ತರದಲ್ಲೇ ಇದೆ. ಆದರೆ ಮನೆಯೊಡತಿ ಅಜ್ಜಿ ಬಾಗಿಲು ತೆರೆದಾಗ ಆಕೆಯ ಹತ್ತೂ ಬೆರಳುಗಳು ಕೆಂಪಾಗಿದ್ದವು. ಗ್ರೀಕರು ಪವಿತ್ರ ಗುರುವಾರ ಮೊಟ್ಟೆಗಳಿಗೆ ಬಣ್ಣ ಹಾಕುತ್ತಾರೆ, ಕೆಂಪು ಬಣ್ಣ. ಮೊದಲು ಬಣ್ಣ ಹಾಕಿದ ಮೊಟ್ಟೆಯನ್ನು ಯಾರೂ ತಿನ್ನುವುದಿಲ್ಲ. ದೇವರ ಪಟದ ಮುಂದೆ ವರ್ಷವಿಡೀ ಇಡುತ್ತಾರೆ. ಹಿಂದಿನ ವರ್ಷದ ಮೊಟ್ಟೆಯನ್ನು ಅಜ್ಜಿ ಕೈಗೆತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸಿ ತೋರಿಸುತ್ತಾರೆ. ಒಳಗಿನದೆಲ್ಲ ಒಣಗಿ ಗಟ್ಟಿಯಾಗಿ ಗೆಜ್ಜೆಯ ಸದ್ದು ಮಾಡುತ್ತದೆ.

ಶುಭ ಶುಕ್ರವಾರ ಮಧ್ಯಾಹ್ನದಿಂದ ರಾತ್ರಿಯವರೆಗೆ ಕೊರ್ಫುವಿನಲ್ಲಿ ಎಲ್ಲಿ ನಿಂತರೂ ಎದುರಿಗೊಂದು ಮೆರವಣಿಗೆ ಬರುತ್ತದೆ. ಪ್ರತಿ ದೇವಾಲಯಕ್ಕೂ ತನ್ನದೇ ‘ಎಪಿತಾಫಿಯೋಸ್’ ಇದೆ. ಅದು ಯೇಸುವಿನ ಪಾರ್ಥಿವ ದೇಹವನ್ನು ಕಸೂತಿ ಮಾಡಿದ ವಸ್ತ್ರವನ್ನಿಟ್ಟು ಹೂವಿನಲ್ಲಿ ಮುಚ್ಚಿದ ಮಂಟಪ. ಅದನ್ನು ಹೊತ್ತು, ಉದ್ದನೆಯ ಮೇಣದ ದೀಪಗಳನ್ನೂ ಧ್ವಜಗಳನ್ನೂ ಹಿಡಿದು ಜನ ಹೊರಡುತ್ತಾರೆ. ಯಾವ ದೇವಾಲಯ ಎಷ್ಟು ಗಂಟೆಗೆ ಎಂಬ ವೇಳಾಪಟ್ಟಿಯೇ ಇರುತ್ತದೆ. ಮುಖ್ಯ ದೇವಾಲಯದ್ದು ಎಲ್ಲಕ್ಕಿಂತ ಕೊನೆಗೆ, ರಾತ್ರಿ ಹತ್ತರ ಸುಮಾರಿಗೆ. ಓಣಿ ಇಕ್ಕಟ್ಟಾದ್ದರಿಂದ ಒಂದು ಮೆರವಣಿಗೆ ಬಂತೆಂದರೆ ನಾವು ಯಾರದೋ ಮನೆಯ ಹೊಸ್ತಿಲಿಗೆ ಬೆನ್ನು ಹಚ್ಚಿ ನಿಲ್ಲಬೇಕು. ಅದು ಹೋಯಿತೆಂದು ಇಳಿದರೆ ಆ ತುದಿಯಿಂದ ಇನ್ನೊಂದು. ಊಟಕ್ಕೆಂದು ಹೊರಟ ನಾವು ಇನ್ನೂರು ಹೆಜ್ಜೆ ದೂರದ ಹೋಟೆಲು ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಅಲ್ಲಿ ಸಿಕ್ಕಿದ್ದು ವಿನಿಗರ್ ಹಾಕಿದ, ಎಣ್ಣೆಯಿಲ್ಲದ ಮಸೂರ್ ಬೇಳೆಯ ಸಾರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬ್ಯಾಂಡುಗಳು. ತಲೆಗೆ ಗರಿ ಸಿಕ್ಕಿಸಿದ ಹಿತ್ತಾಳೆಯ ಶಿರಸ್ತ್ರಾಣ, ಮೈಮೇಲೆ ಕೆಂಪು ಅಥವಾ ನೀಲಿ ಸಮವಸ್ತ್ರ. ಹತ್ತಾರು ಕೊಳಲು, ತುತ್ತೂರಿ, ದೊಡ್ಡ ಡೋಲುಗಳು ಒಂದೇ ನಿಧಾನದ ಹೆಜ್ಜೆಯಲ್ಲಿ ಬರುತ್ತವೆ. 19ನೇ ಶತಮಾನದಲ್ಲಿ ಈ ದ್ವೀಪ ಬ್ರಿಟಿಷರ ಕೈಯಲ್ಲಿತ್ತು. ಅವರ ಸೇನೆಯ ಬ್ಯಾಂಡು ಸಂತ ಸ್ಪಿರಿಡೋನರ ಮೆರವಣಿಗೆಯಲ್ಲಿ ನುಡಿಸುವುದಕ್ಕೆ ಒಪ್ಪಿಗೆ ಸಿಗದೆ ಹೋದಾಗ ಊರವರು 1840ರಲ್ಲಿ ತಮ್ಮದೇ ಫಿಲ್ಹಾರ್ಮೋನಿಕ್ ಸಂಘ ಕಟ್ಟಿದರು. ಗ್ರೀಸಿನ ರಾಷ್ಟ್ರಗೀತೆಗೆ ರಾಗ ಹಾಕಿದ ನಿಕೊಲಾವೋಸ್ ಮಾಂತ್ಸಾರೋಸ್ ಅದರ ಗುರು. ಈಗ ಹಳ್ಳಿಹಳ್ಳಿಯಲ್ಲೂ ಇಂಥ ಸಂಘಗಳಿವೆ. ಮಕ್ಕಳಿಗೆ ಹಣ ಪಡೆಯದೆ ಸಂಗೀತ ಕಲಿಸುತ್ತವೆ. ಜಂಬೂಸವಾರಿಯಲ್ಲಿ ಪೊಲೀಸ್ ಬ್ಯಾಂಡಿನ ಹಿಂದೆ ಓಡಿದ ಮೈಸೂರಿನ ಮಕ್ಕಳು ನಾವು. ಬ್ಯಾಂಡೆಂದರೆ ನಮಗೆ ಸಡಗರ, ಬಿರುಸು. ಇಲ್ಲಿ ಹಳೆಯ ಸಂಘದವರು ಅಲ್ಬಿನೋನಿಯ ಅಡಾಜಿಯೋ ನುಡಿಸುತ್ತ ತಿರುವಿನಲ್ಲಿ ಬಂದಾಗ ಬಾಲ್ಕನಿಗಳ ತುಂಬ ನಿಂತ ಜನರಲ್ಲಿ ಒಂದು ಮಾತಿಲ್ಲ. ಅದು ದೂರವಾಗುತ್ತಿದ್ದಂತೆ ಇನ್ನೊಂದು ಬೀದಿಯಿಂದ ಬೇರೊಂದು ಬ್ಯಾಂಡಿನ ಶೋಕದ ನಡೆ ಕೇಳುತ್ತದೆ. ಎರಡು ರಾಗಗಳು ನಾವು ನಿಂತ ಮೂಲೆಯಲ್ಲಿ ಒಂದಕ್ಕೊಂದು ತಾಕಿ ಬಿಡಿಸಿಕೊಳ್ಳುತ್ತವೆ. ಅಕ್ಕ ನನ್ನ ಕೈ ಹಿಡಿದವಳು ಬಿಡಲೇ ಇಲ್ಲ.

ಶನಿವಾರ ಬೆಳಗ್ಗೆ ಆರಕ್ಕೆ ಅಜ್ಜಿ ನಮ್ಮನ್ನು ‘ಪರದೇಶಿಗಳ ಮಾತೆ’ಯ ದೇವಾಲಯಕ್ಕೆ ಕರೆದೊಯ್ದರು, ಭೂಕಂಪ ನೋಡಲು! ಧರ್ಮಗ್ರಂಥ ಓದುವುದು ಮುಗಿಯುತ್ತಿದ್ದಂತೆ ಜನ ಆಸನಗಳನ್ನು ಅಲುಗಿಸುತ್ತಾರೆ, ಮರದ ಹಲಗೆ ಬಡಿಯುತ್ತಾರೆ, ನೆಲ ಕುಟ್ಟುತ್ತಾರೆ. ಪುನರುತ್ಥಾನದ ಹೊತ್ತಿಗೆ ಭೂಮಿ ನಡುಗಿತೆಂದು ಸಂತ ಮತ್ತಾಯರ ಶುಭಸಂದೇಶದಲ್ಲಿರುವುದನ್ನು ಇವರು ಕೈಯಾರೆ ನಡೆಸಿಕೊಡುತ್ತಾರೆ. ಮೈಸೂರಿನಲ್ಲಿ ಪೀಠದ ಮುಂದೆ ಪುಸ್ತಕ ಕೆಳಗೆ ಬಿದ್ದರೂ ಹತ್ತು ಜನ ತಿರುಗಿ ನೋಡುತ್ತಾರೆ. ಇಲ್ಲಿ ಬಿಳಿ ಕೂದಲಿನ ಹಿರಿಯರೇ ಬೆಂಚು ಹಿಡಿದು ಕುಣಿಸುತ್ತಿದ್ದರು.

ಒಂಬತ್ತಕ್ಕೆ ಸಂತ ಸ್ಪಿರಿಡೋನ್ ಹೊರಡುತ್ತಾರೆ. ಸಂತರು ಎಂದರೆ ಸಂತರೇ. ನಾಲ್ಕನೇ ಶತಮಾನದಲ್ಲಿ ಸೈಪ್ರಸ್‌ನಲ್ಲಿ ಕುರಿ ಕಾಯುತ್ತಿದ್ದು ಧರ್ಮಾಧ್ಯಕ್ಷರಾದವರು ಇವರು. ಪಾಸ್ಕದ ದಿನ ಗೊತ್ತುಮಾಡಿದ ಅದೇ ನಿಕೇಯ ಸಭೆಯಲ್ಲಿ ಇವರು ಹೆಂಚಿನ ಚೂರೊಂದನ್ನು ಹಿಂಡಿದಾಗ ಬೆಂಕಿ ಮೇಲಕ್ಕೆ, ನೀರು ಕೆಳಕ್ಕೆ ಹೋಗಿ ಮಣ್ಣು ಕೈಯಲ್ಲೇ ಉಳಿಯಿತಂತೆ. ತ್ರಿಯೇಕತ್ವವನ್ನು ಇವರು ವಿವರಿಸಿದ್ದು ಹೀಗೆಂದು ಪರಂಪರೆ ಹೇಳುತ್ತದೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬಿದ್ದ ಮೇಲೆ ಇವರ ಪಾರ್ಥಿವ ಶರೀರ ಕೊರ್ಫುವಿಗೆ ಬಂತು. ಗೋವೆಯ ಸಂತ ಫ್ರಾನ್ಸಿಸ್ ಸೇವಿಯರ್ ಹತ್ತು ವರ್ಷಕ್ಕೊಮ್ಮೆ ಜನರ ಸಮೀಪ ಬರುತ್ತಾರೆ. ಸ್ಪಿರಿಡೋನರು ವರ್ಷಕ್ಕೆ ನಾಲ್ಕು ಸಲ ಗಾಜಿನ ಪಲ್ಲಕ್ಕಿಯಲ್ಲಿ, ಅದೂ ನೆಟ್ಟಗೆ ನಿಂತ ಭಂಗಿಯಲ್ಲಿ, ಊರು ಸುತ್ತುತ್ತಾರೆ. ಶನಿವಾರದ ಈ ಮೆರವಣಿಗೆ ಒಂದು ಬರಗಾಲದಿಂದ ಊರನ್ನು ಪಾರುಮಾಡಿದ್ದರ ನೆನಪಿಗೆ. ಜೊತೆಗೆ ಸಂತರ ದೇವಾಲಯದ ಎಪಿತಾಫಿಯೋಸ್ ಕೂಡ ಬರುತ್ತದೆ, ಶುಕ್ರವಾರದ ಬದಲು ಶನಿವಾರ. 1574ರಲ್ಲಿ ವೆನಿಸ್ ಆಡಳಿತ ಆರ್ಥೊಡಾಕ್ಸರ ಶುಭ ಶುಕ್ರವಾರದ ಮೆರವಣಿಗೆಗೆ ತಡೆಯೊಡ್ಡಿದ್ದರ ಗುರುತು ಅದು. ತಡೆದವರು ನಮ್ಮಂತೆ ಕಥೋಲಿಕರು ಎಂದು ತಿಳಿದಾಗ ನನಗೆ ಕಸಿವಿಸಿಯಾಯಿತು. ಅಜ್ಜಿ ಮಾತ್ರ ನಮ್ಮಿಬ್ಬರನ್ನೂ ಮುಂದಕ್ಕೆ ತಳ್ಳಿ, ಪಲ್ಲಕ್ಕಿ ಚೆನ್ನಾಗಿ ಕಾಣುವ ಜಾಗದಲ್ಲಿ ನಿಲ್ಲಿಸಿದರು.

ಹನ್ನೊಂದಕ್ಕೆ ಗಂಟೆಗಳು ಒಟ್ಟಿಗೇ ಮೊಳಗುತ್ತವೆ. ಮೊದಲ ಪುನರುತ್ಥಾನ! ಅದರ ಹಿಂದೆಯೇ ಬಾಲ್ಕನಿಗಳಿಂದ ಮಡಕೆಗಳು ಬೀಳುತ್ತವೆ. ನೀರು ತುಂಬಿ ಕೆಂಪು ಪಟ್ಟಿ ಕಟ್ಟಿದ ಮಡಕೆಗಳು. ಕೆಲವಂತೂ ಎಷ್ಟು ದೊಡ್ಡವೆಂದರೆ ಇಬ್ಬರು ಹಿಡಿದು ಕಟಕಟೆಯ ಮೇಲೆ ಕೂರಿಸಿ ನೂಕಬೇಕು. ಕಲ್ಲುಹಾಸಿನ ಮೇಲೆ ಅವು ಒಡೆಯುವ ಸದ್ದು ಎದೆಯೊಳಗೆ ಕೇಳುತ್ತದೆ. ನೀರು ಮಂಡಿಯವರೆಗೂ ಹಾರುತ್ತದೆ, ಚೂರುಗಳು ಕಾಲಿಗೆ ಬಡಿಯುತ್ತವೆ. ಈ ಪದ್ಧತಿ ಎಲ್ಲಿಂದ ಬಂತೆಂದು ಕೇಳಿದರೆ ಒಬ್ಬರು ವೆನಿಸಿನವರು ಹೊಸವರ್ಷಕ್ಕೆ ಹಳೆಯ ಸಾಮಾನು ಎಸೆಯುತ್ತಿದ್ದ ರೂಢಿ ಎನ್ನುತ್ತಾರೆ, ಇನ್ನೊಬ್ಬರು ಕೀರ್ತನೆಗಳ ಗ್ರಂಥದಲ್ಲಿ ಕುಂಬಾರನ ಪಾತ್ರೆ ಒಡೆಯುವ ಮಾತಿದೆ ಎನ್ನುತ್ತಾರೆ. ನಮ್ಮಲ್ಲಿ ಮಡಕೆ ಒಡೆಯುವುದು ಸಾವಿನ ಕ್ರಿಯೆ. ಇಲ್ಲಿ ಸಾವು ಸೋತಿತೆಂದು ಒಡೆಯುತ್ತಾರೆ. ಬ್ಯಾಂಡುಗಳು ನಿನ್ನೆಯ ಶೋಕ ಮರೆತು ಚುರುಕಾದ ನಡೆ ಹಿಡಿದಿವೆ. ಜನ ಚೂರುಗಳನ್ನು ಆಯ್ದು ಮನೆಗೊಯ್ಯುತ್ತಾರೆ. ಅಕ್ಕನೂ ಒಂದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಳು.

ಮಧ್ಯರಾತ್ರಿಯದನ್ನು ಹೇಗೆ ಬರೆಯಲಿ? ಸ್ಪಿಯಾನಾದಾ ಚೌಕದ ತುಂಬ ಜನ, ಎಲ್ಲರ ಕೈಯಲ್ಲೂ ಹೊತ್ತಿಸದ ಮೇಣದಬತ್ತಿ. ಜೆರುಸಲೇಮಿನ ಪವಿತ್ರ ಸಮಾಧಿಯ ದೇವಾಲಯದಲ್ಲಿ ಅಂದು ಹೊತ್ತಿದ ಜ್ಯೋತಿಯನ್ನು ಪ್ರತಿವರ್ಷ ವಿಮಾನದಲ್ಲಿ ಅಥೆನ್ಸಿಗೆ ತಂದು ಊರೂರಿಗೆ ಕಳಿಸುತ್ತಾರೆ. ದೀಪಗಳು ಆರುತ್ತವೆ. ಎಲ್ಲೋ ಮುಂದೆ ಒಂದು ಜ್ವಾಲೆ ಎರಡಾಗುತ್ತದೆ, ಹತ್ತಾಗುತ್ತದೆ, ಯಾರೋ ತಿರುಗಿ ನನ್ನ ಬತ್ತಿಗೆ ಹಚ್ಚುತ್ತಾರೆ, ನಾನು ಹಿಂದಿನವರಿಗೆ. “ಕ್ರಿಸ್ತೋಸ್ ಅನೆಸ್ತಿ!” ಕ್ರಿಸ್ತನು ಎದ್ದಿದ್ದಾನೆ! “ಅಲಿಥೋಸ್ ಅನೆಸ್ತಿ!” ನಿಜವಾಗಿ ಎದ್ದಿದ್ದಾನೆ! ಹಳೆಯ ಕೋಟೆಯಿಂದ ಬಾಣಬಿರುಸುಗಳು ಏಳುತ್ತವೆ. ನಮ್ಮ ಪಾಸ್ಕ ಜಾಗರಣೆಯಲ್ಲೂ ದೇವಾಲಯದ ಹೊರಗೆ ಹೊಸ ಬೆಂಕಿ ಮಾಡಿ ಪಾಸ್ಕ ದೀಪ ಹಚ್ಚಿ ಮೇಣದಬತ್ತಿ ಹಂಚುತ್ತೇವೆ. ಆದರೆ ಟ್ಯೂಬ್‌ಲೈಟು ಬಂದಕೂಡಲೇ ಊದಿ ಆರಿಸಿ ಜೇಬಿಗೆ ಹಾಕುತ್ತೇವೆ. ಇಲ್ಲಿ ಯಾರೂ ಆರಿಸುವುದಿಲ್ಲ. ಕೈ ಮರೆ ಮಾಡಿಕೊಂಡು, ಸ್ಕೂಟರಿನಲ್ಲಿ, ಕಾರಿನಲ್ಲಿ ಉರಿಯುವ ಬತ್ತಿಯನ್ನು ಮನೆಗೊಯ್ಯುತ್ತಾರೆ. ಗಾಳಿಗೆ ಆರಿದರೆ ಗುರುತಿಲ್ಲದವರೂ ನಿಂತು ಹಚ್ಚಿಕೊಡುತ್ತಾರೆ. ದಾರಿಯುದ್ದಕ್ಕೂ ಮೇಣ ತೊಟ್ಟಿಕ್ಕಿ ನನ್ನ ಶಾಲು ಗಟ್ಟಿಯಾಗಿ ನಿಂತಿತು. ಅಜ್ಜಿ ಬತ್ತಿಯ ಹೊಗೆಯಲ್ಲಿ ಬಾಗಿಲ ಚೌಕಟ್ಟಿನ ಮೇಲೆ ಶಿಲುಬೆ ಬರೆದರು, ಕರುಳು-ಈಲಿಯ ಸೂಪು ಬಡಿಸಿದರು, ಕೆಂಪು ಮೊಟ್ಟೆಯನ್ನು ಅಕ್ಕನ ಮೊಟ್ಟೆಗೆ ಕುಟ್ಟಿದರು. ಅಕ್ಕನದು ಒಡೆಯಲಿಲ್ಲ. ವರ್ಷವಿಡೀ ಅದೃಷ್ಟ ಎಂದರು.

ಭಾನುವಾರ ಬೆಳಗ್ಗೆ ಇನ್ನೊಂದು ಅಚ್ಚರಿ. ಪುರಭವನದ ಚೌಕದಲ್ಲಿರುವ ಕಥೋಲಿಕ ಪ್ರಧಾನಾಲಯಕ್ಕೆ ಸಾಧಾರಣ ಬಲಿಪೂಜೆಗೆಂದು ಹೋದರೆ ಅಲ್ಲಿಯೂ ಪಾಸ್ಕ! ಗ್ರೀಸಿನ ಕಥೋಲಿಕರು ನೆರೆಯವರ ಜೊತೆ ಆರ್ಥೊಡಾಕ್ಸ್ ದಿನದಂದೇ ಹಬ್ಬ ಮಾಡುತ್ತಾರೆ. ಇಲ್ಲಿನ ಕಥೋಲಿಕರಲ್ಲಿ ಬಹಳ ಮಂದಿ ಬ್ರಿಟಿಷರ ಕಾಲದಲ್ಲಿ ಮಾಲ್ಟಾದಿಂದ ಕೆಲಸಕ್ಕೆ ಬಂದವರ ವಂಶದವರು. ಒಂದೇ ಊರಿನಲ್ಲಿ ಎರಡು ಮನೆಯ ಗಂಟೆಗಳು ಬೇರೆ ಬೇರೆ ವಾರ ಮೊಳಗುವುದು ಬೇಡವೆಂದು ದಿನ ಬದಲಿಸಿಕೊಂಡ ಈ ಸಣ್ಣ ಸಮುದಾಯದ ದೊಡ್ಡತನ ನನಗೆ ನಿಕೇಯ ಸಭೆಯ ನಿರ್ಣಯದಷ್ಟೇ ಮುಖ್ಯವೆನಿಸಿತು.

ಅಂದು ಸಂಜೆ ಅಜ್ಜಿಯ ಧರ್ಮಕೇಂದ್ರದಲ್ಲಿ ‘ಪ್ರೀತಿಯ ಸಂಧ್ಯಾಪ್ರಾರ್ಥನೆ’. ಎದ್ದ ಯೇಸು ಶಿಷ್ಯರ ನಡುವೆ ಕಾಣಿಸಿಕೊಂಡ, ತೋಮ ನಂಬಲೊಲ್ಲೆನೆಂದ ಭಾಗವನ್ನು ಸಂತ ಯೊವಾನ್ನರ ಶುಭಸಂದೇಶದಿಂದ ಆದಷ್ಟು ಭಾಷೆಗಳಲ್ಲಿ ಓದುವ ಪದ್ಧತಿ ಅಲ್ಲಿದೆ. ಸುದ್ದಿ ಲೋಕಕ್ಕೆಲ್ಲ ಹೋಗಲಿ ಎಂದು. ಗ್ರೀಕ್, ಇಟಾಲಿಯನ್, ಇಂಗ್ಲಿಷ್, ಅಲ್ಬೇನಿಯನ್ ಆದವು. ಆಮೇಲೆ ಗುರುಗಳು ನಮ್ಮತ್ತ ತಿರುಗಿದರು. ಅಜ್ಜಿ ಮೊದಲೇ ಹೇಳಿಟ್ಟಿದ್ದರೆಂದು ಕಾಣುತ್ತದೆ. ಅಕ್ಕ ಸೆರಗು ತಲೆಗೆಳೆದು, ಫೋನಿನಲ್ಲಿದ್ದ ಕನ್ನಡ ಬೈಬಲ್ ತೆರೆದು ಓದಿದಳು. ಮೈಸೂರಿನಲ್ಲಿ ಎಷ್ಟೋ ಸಲ ಕೇಳಿದ ಮಾತುಗಳೇ. ಧೂಪದ ಹೊಗೆಯ ನಡುವೆ, ಚಿನ್ನದ ಬಣ್ಣದ ಪಟಗಳೆದುರು ನಿಂತು ಕೇಳಿದಾಗ ಅವು ಈಗಷ್ಟೇ ಬಂದ ಸುದ್ದಿಯಾಗಿ ನನಗೆ ತಲುಪಿದವು. ಮುಗಿದ ಮೇಲೆ ಮುದುಕರೊಬ್ಬರು ಬಂದು “ಇಂಡಿಯಾ? ತೋಮಾಸ್!” ಎಂದು ಅಕ್ಕನ ಕೈ ಕುಲುಕಿದರು. ಕ್ರಿ.ಶ. 52ರಲ್ಲಿ ಸಂತ ತೋಮ ಕೇರಳದ ದಂಡೆಗೆ ಬಂದರೆಂಬ ನಮ್ಮ ನಾಡಿನ ಪರಂಪರೆ ಅವರಿಗೂ ಗೊತ್ತಿತ್ತು.

ಸೋಮವಾರದಿಂದ ಸೂಟ್‌ಕೇಸುಗಳು ಬಂದರಿನ ಕಡೆ ಉರುಳತೊಡಗಿದವು. ಕ್ಯಾಮೆರಾ ಹಿಡಿದವರೆಲ್ಲ ಖಾಲಿ. ನಾವು ಉಳಿದೆವು, ಉಳಿದದ್ದೇ ಒಳ್ಳೆಯದಾಯಿತು. ಸ್ಪಿಯಾನಾದಾದ ಅಂಚಿನಲ್ಲಿ ಕೂತು ಶುಂಠಿಯ ‘ತ್ಸಿತ್ಸಿಬೀರಾ’ ಕುಡಿದೆವು, ಬ್ರಿಟಿಷರು ಬಿಟ್ಟುಹೋದ ಪಾನೀಯ ಅದು. ಇದೇ ಹುಲ್ಲಿನ ಮೇಲೆ 1823ರಲ್ಲಿ ಕ್ರಿಕೆಟ್ ಆಡಿದ್ದರೆಂದು ಕೇಳಿ ಅಕ್ಕನಿಗೆ ತವರೇ ಸಿಕ್ಕಿದಷ್ಟು ಖುಷಿ.

ದೇವಾಲಯಗಳ ಒಳಗೆ ನೋಡಿದರೆ ಹಬ್ಬ ಈಗಷ್ಟೇ ಆರಂಭವಾಗಿದೆ. ಆರ್ಥೊಡಾಕ್ಸ್ ದೇವಾಲಯದಲ್ಲಿ ಜನರಿಗೂ ಬಲಿಪೀಠಕ್ಕೂ ನಡುವೆ ಪಟಗಳ ಗೋಡೆಯೊಂದಿರುತ್ತದೆ. ಅದರ ನಡುಬಾಗಿಲು ಪೂಜೆಯ ಕೆಲವು ಗಳಿಗೆಗಳಲ್ಲಿ ಮಾತ್ರ ತೆರೆಯುವಂಥದ್ದು. ಪಾಸ್ಕದ ಈ ‘ಬೆಳಕಿನ ವಾರ’ದಲ್ಲಿ ಆ ಬಾಗಿಲುಗಳನ್ನು ಮುಚ್ಚುವುದೇ ಇಲ್ಲ. ಸಮಾಧಿ ತೆರೆದಿದೆ, ಆದ್ದರಿಂದ ಇದೂ ತೆರೆದಿರಬೇಕು. ಬುಧವಾರ, ಶುಕ್ರವಾರಗಳ ಉಪವಾಸವೂ ಈ ವಾರ ಇಲ್ಲ. ಮೊಣಕಾಲೂರುವಂತಿಲ್ಲ, ಪೆಂತೆಕೋಸ್ತೆಯ ಸಂಜೆಯವರೆಗೆ, 50 ದಿನ, ನಿಂತೇ ಪ್ರಾರ್ಥಿಸಬೇಕು. ಈ ನಿಯಮವೂ ನಿಕೇಯ ಸಭೆಯದೇ. ಬೇಕರಿಯಲ್ಲಿ, ಬಸ್ಸಿನಲ್ಲಿ ಜನ ನಮಸ್ಕಾರದ ಬದಲು “ಕ್ರಿಸ್ತೋಸ್ ಅನೆಸ್ತಿ” ಎನ್ನುತ್ತಾರೆ. ಸ್ವರ್ಗಾರೋಹಣದವರೆಗೂ ಹಾಗೇ.

ಪಾಲಿಯೊಕಾಸ್ತ್ರಿತ್ಸಾದ ಮಠ ನೋಡಲು ಹೊರಟ ದಿನ ದಾರಿಯ ಹಳ್ಳಿಯೊಂದರಲ್ಲಿ ಬಸ್ಸು ನಿಂತಿತು. ಶವಯಾತ್ರೆ. ಮೆಲ್ಲಗೆ ಇಳಿದು ಹಿಂದೆ ನಿಂತೆವು. ಗುರುಗಳ ಮೈಮೇಲೆ ಬಿಳಿಯ ಉಡುಪು. ಹಾಡುತ್ತಿದ್ದದ್ದು ಶನಿವಾರ ಮಧ್ಯರಾತ್ರಿ ಚೌಕದಲ್ಲಿ ಕೇಳಿದ ಅದೇ ಪಾಸ್ಕದ ಹಾಡು, ಮತ್ತೆ ಮತ್ತೆ. ಬೆಳಕಿನ ವಾರದಲ್ಲಿ ಸತ್ತವರಿಗೆ ಸಾಮಾನ್ಯ ಶೋಕದ ಸ್ತೋತ್ರಗಳ ಬಹುಪಾಲನ್ನು ಬಿಟ್ಟು ಪಾಸ್ಕದ ಹಾಡುಗಳನ್ನೇ ಹಾಡುತ್ತಾರೆ. ಮಗಳಿರಬೇಕು, ಕಪ್ಪು ಬಟ್ಟೆಯ ಹೆಂಗಸೊಬ್ಬರು ಬಿಕ್ಕುತ್ತಲೇ ಜೊತೆಗೂಡಿ ಹಾಡುತ್ತಿದ್ದರು. ಗುರುಗಳು ಹಾಡುತ್ತ ಹಾಡುತ್ತಲೇ ಅವರ ಪಕ್ಕಕ್ಕೆ ಬಂದು ನಿಂತರು, ಸಮಾಧಿಯವರೆಗೂ ಬಿಟ್ಟು ಕದಲಲಿಲ್ಲ. ಶುಕ್ರವಾರದ ಅಷ್ಟೂ ಬ್ಯಾಂಡುಗಳು, ಶನಿವಾರದ ಅಷ್ಟೂ ಮಡಕೆಗಳು ಈ ಗಳಿಗೆಗಾಗಿಯೇ ಸಿದ್ಧತೆ ಎಂದು ನನಗೆ ಅಲ್ಲಿ ಅನಿಸಿತು. ಎದ್ದಿದ್ದಾನೆ ಎಂಬುದನ್ನು ಬಾಣಬಿರುಸಿನ ಕೆಳಗೆ ಹೇಳಬಹುದು. ಹೊಸದಾಗಿ ತೋಡಿದ ಮಣ್ಣಿನ ಪಕ್ಕದಲ್ಲಿ ನಿಂತು ಹೇಳಿದರೇ ಅದು ಧರ್ಮಸೇವೆ.

ನಮ್ಮಲ್ಲೂ ಪಾಸ್ಕ ಕಾಲ 50 ದಿನದ್ದೇ. ಪಾಸ್ಕ ದೀಪ ಪೆಂತೆಕೋಸ್ತೆಯವರೆಗೆ ಬಲಿಪೀಠದ ಬಳಿ ನಿಂತಿರುತ್ತದೆ, ‘ಅಲ್ಲೆಲೂಯ’ ಮತ್ತೆ ಬಂದಿರುತ್ತದೆ. ಆದರೂ ತಪಸ್ಸು ಕಾಲದ ಶುಕ್ರವಾರಗಳಂದು ಶಿಲುಬೆ ಹಾದಿಗೆ ತಪ್ಪದೆ ಬರುವ ನಾವು, ಸಂತೋಷಪಡಬೇಕಾದ 50 ದಿನಗಳನ್ನು ಭಾನುವಾರದ ಮಧ್ಯಾಹ್ನದೂಟಕ್ಕೇ ಮುಗಿಸಿಬಿಡುತ್ತೇವೆ. ದುಃಖಕ್ಕೆ ಕೊಟ್ಟ ಶಿಸ್ತನ್ನು ಸಂತೋಷಕ್ಕೂ ಕೊಡುವುದು ನಾವು ಗ್ರೀಕರಿಂದ ಕಲಿಯಬೇಕಾದ ವಿಷಯ.

ಒಂದೇ ವರ್ಷದಲ್ಲಿ ಎರಡು ಪಾಸ್ಕ ಬೇಕೆನ್ನುವವರಿಗೆ 2027 ಅನುಕೂಲ: ಮೈಸೂರಿನಲ್ಲಿ ಮಾರ್ಚ್ 28ಕ್ಕೆ, ಕೊರ್ಫುವಿನಲ್ಲಿ ಮೇ 2ಕ್ಕೆ. 2028ರಲ್ಲಿ ಎರಡೂ ಏಪ್ರಿಲ್ 16ರಂದೇ. ಕೊಠಡಿಯನ್ನು ತಿಂಗಳುಗಳ ಮುಂಚೆಯೇ ಗೊತ್ತುಮಾಡಿಕೊಳ್ಳಿ, ಮೇಣ ತಾಕಿದರೂ ಪರವಾಗಿಲ್ಲ ಎನ್ನುವಂಥ ಬಟ್ಟೆ ಇಟ್ಟುಕೊಳ್ಳಿ, ಮಡಕೆ ಬೀಳುವಾಗ ಗೋಡೆಗೆ ಒತ್ತಿ ನಿಲ್ಲಬೇಡಿ. ಮರಳುವ ಟಿಕೆಟನ್ನು ಪಾಸ್ಕದ ಭಾನುವಾರಕ್ಕೆ ಮಾತ್ರ ಮಾಡಿಸಬೇಡಿ. ಇನ್ನೊಂದು ವಾರ ಇರಿ. ಹೋಗಲಾಗದವರು ಈ ಸಲ ಹಬ್ಬದ ಮರುದಿನ, ಸೋಮವಾರ ಸಂಜೆ, ನಿಮ್ಮದೇ ಧರ್ಮಕೇಂದ್ರದ ಬಲಿಪೂಜೆಗೆ ಹೋಗಿ ಬನ್ನಿ.